ಪಕೋಡ ಈ ಗೇಟು, ರೊಟ್ಟಿ ಆ ಗೇಟು

“ಮೆಲ್ಲಗೆ ಕಣ್ರೋ, ಮೆಲ್ಲಗೆ! ಸತ್ತವರನ್ನ ಹೊತ್ಕೊಂಡು ಯಾರಾದ್ರೂ ಓಡ್ತಾರಾ?”

ಏದುಸಿರು ಬಿಡುತ್ತ ಟೈಲರಮ್ಮ ಹಿಂದಿನಿಂದ ಕೂಗಿದಳು. ಪೆಟ್ಟಿಗೆಯ ಮುಂದಿನ ಮೂಲೆಗೆ ಹೆಗಲು ಕೊಟ್ಟಿದ್ದ ಹಳೆಯ ಗೋಲ್‌ಕೀಪರ್ ತಿರುಗಿ ನೋಡಲಿಲ್ಲ. “ಓಡ್ತಿಲ್ಲಮ್ಮ, ಇಳಿಜಾರು” ಎಂದ. ಇಳಿಜಾರು ಮುಗಿದು ರಸ್ತೆ ಸಮವಾದ ಮೇಲೂ ಪೆಟ್ಟಿಗೆಯ ವೇಗ ತಗ್ಗಲಿಲ್ಲ.

ಹೊತ್ತವರೆಲ್ಲ ಕಪ್ಪು ಕೋಟು ಹಾಕಿದ್ದರು ನಿಜ. ಆದರೆ ಗುಂಡಿಗಳ ಸಂದಿನಿಂದ ಊರಿನ ಫುಟ್‌ಬಾಲ್ ತಂಡದ ಹಳದಿ ಅಂಗಿ ಇಣುಕುತ್ತಿತ್ತು. ಅಂದು ಮಧ್ಯಾಹ್ನ ಫೈನಲ್. ಈ ತಂಡ ಹಿಂದೊಮ್ಮೆ ಫೈನಲ್ ತಲುಪಿದ್ದನ್ನು ಕಂಡವರು ಊರಿನಲ್ಲಿ ಮುದುಕರು ಮಾತ್ರ. ಅವರೂ ಅದನ್ನು ಹೇಳುವಾಗ ಪ್ರತಿ ಸಲ ಒಂದೊಂದು ಗೋಲು ಹೆಚ್ಚಿಗೆ ಸೇರಿಸುತ್ತಿದ್ದರು. ಅಂಥ ದಿನವೇ ಗರಿಗರಿ ಅಕ್ಕನನ್ನು ಮಣ್ಣಿಗೆ ಒಯ್ಯಬೇಕಾಗಿ ಬಂದಿತ್ತು.

ಹಿಂದೆ ನಡೆಯುತ್ತಿದ್ದ ಅವಳ ಮಗಳಿಗೆ ಈ ಅವಸರದಿಂದ ಬೇಸರವಾಗಲಿಲ್ಲ. ಅವಳು ಸಿಟಿ ಬಸ್ಸಿನ ಡ್ರೈವರ್. ಒಳ್ಳೆಯದು ಎನ್ನುವಂಥ ಕೋಟು ಅವಳ ಬಳಿ ಇದ್ದದ್ದು ಡ್ಯೂಟಿಯ ಕಡುನೀಲಿ ಕೋಟು ಒಂದೇ. ಅದನ್ನೇ ತೊಟ್ಟು ಬಂದಿದ್ದಳು. ಅಮ್ಮ ಬದುಕಿದ್ದರೆ ಈ ಗಂಡಸರಿಗೆ ಏನು ಹೇಳುತ್ತಿದ್ದಳು ಎಂಬುದು ಅವಳಿಗೆ ಗೊತ್ತಿತ್ತು. ‘ಏನ್ರೋ, ಹೆಣ ಹೊತ್ತವರ ಹಾಗೆ ನಡೀತೀರಿ? ಎಣ್ಣೆ ಕಾದಿದೆ, ಬೇಗ ಬನ್ನಿ.’ ನೆನೆದು ಅವಳಿಗೆ ನಗು ಬಂತು. ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡಳು. ಅಳುತ್ತಿದ್ದಾಳೆಂದು ತಿಳಿದು ಟೈಲರಮ್ಮ ಅವಳ ಬೆನ್ನು ನೇವರಿಸಿದಳು. ಆಗ ನಿಜವಾಗಿಯೂ ಅಳು ಬಂತು.

*

ಗರಿಗರಿ ಅಕ್ಕ ಎಂಬ ಹೆಸರು ಅವಳಿಗೆ ಬಂದದ್ದು ಅವಳ ಪಕೋಡದಿಂದ. ಕ್ರೀಡಾಂಗಣದ ಪೂರ್ವದ ಗೇಟಿನ ಬಳಿ, ಟಿಕೆಟ್ ಕಿಟಕಿಯ ಪಕ್ಕಕ್ಕೆ, ತಗಡಿನ ಚಪ್ಪರದ ಅಂಗಡಿ. ಮೊದಲಿಗೆ ಅಲ್ಲಿ ಇಬ್ಬರಿದ್ದರು: ಬಾಣಲೆಯ ಮುಂದೆ ಅಕ್ಕ, ಹೆಂಚಿನ ಮುಂದೆ ತಮ್ಮ. ಅವಳು ಈರುಳ್ಳಿ, ಹೂಕೋಸು, ಪಾಲಕ್ ಸೊಪ್ಪುಗಳನ್ನು ಕಡಲೆಹಿಟ್ಟಿನಲ್ಲಿ ಕಲಸಿ ಕರಿಯುವಳು. ಅವನು ಬಿಸಿ ರೊಟ್ಟಿಯನ್ನು ಅವಳತ್ತ ಎಸೆಯುವನು. ಅವಳು ಅದರಲ್ಲಿ ಪಕೋಡ ತುಂಬಿ, ಪುದೀನ ಚಟ್ನಿ ಸವರಿ, ಮೊಸರಿನಲ್ಲಿ ಅದ್ದಿದ ಸೌತೆಕಾಯಿ ಇಟ್ಟು, ನಿಂಬೆ ಹಿಂಡಿದ ಹಸಿ ಈರುಳ್ಳಿ ಉದುರಿಸಿ, ಸುತ್ತಿ ಕೊಡುವಳು. ಒಂದು ಕೈಯಲ್ಲಿ ಅದನ್ನು ಹಿಡಿದು ಇನ್ನೊಂದು ಕೈ ಎತ್ತಿ ರೆಫರಿಯನ್ನು ಬೈಯಲು ಅನುಕೂಲವಾಗಿತ್ತು.

ಜಗಳ ಆದದ್ದು ಒಂದು ದೊಡ್ಡ ಪಂದ್ಯದ ಹಾಫ್‌ಟೈಮಿನಲ್ಲಿ. ಜನ ಇರುವೆ ಮುತ್ತಿದ ಹಾಗೆ ಮುತ್ತಿದ್ದರು. ತಮ್ಮನ ಕೈ ನಿಧಾನವಾಗಿತ್ತು, ಏಕೆಂದರೆ ಸಾಲಿನಲ್ಲಿ ಅವನು ಮದುವೆಯಾಗಬೇಕೆಂದಿದ್ದ ಹುಡುಗಿ ನಿಂತಿದ್ದಳು. ಒಂದು ಕಣ್ಣು ಅವಳ ಮೇಲೆ, ಒಂದು ಕಣ್ಣು ರೊಟ್ಟಿಯ ಮೇಲೆ. ರೊಟ್ಟಿ ಸೀದಿತು. ಅಕ್ಕನಿಗೆ ಮೂಗಿನ ತುದಿಯಲ್ಲೇ ಕೋಪ. ಅವನ ಕೈಯಿಂದ ಲಟ್ಟಣಿಗೆ ಕಿತ್ತುಕೊಂಡು, “ಸರಿ ಆಚೆ! ನಿನ್ನ ಕೈಲಿ ಆಗೋ ಕೆಲಸ ಅಲ್ಲ ಇದು” ಎಂದುಬಿಟ್ಟಳು. ಸಾಲಿನವರು ನಕ್ಕರು. ಆ ಹುಡುಗಿಯೂ ನಕ್ಕಳು.

ತಮ್ಮ ಸುಡುವ ಹೆಂಚನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಹೊರಟವನು ಕ್ರೀಡಾಂಗಣವನ್ನು ಅರ್ಧ ಸುತ್ತು ಬಳಸಿ ಪಶ್ಚಿಮದ ಗೇಟಿನಲ್ಲಿ ನಿಂತ. ಮುಂದಿನ ಪಂದ್ಯಕ್ಕೆ ಅಲ್ಲಿ ಅವನದೇ ಅಂಗಡಿ ಎದ್ದಿತು. ಹುಡುಗಿ ಅವನನ್ನೇ ಮದುವೆಯಾದಳು. ಅಕ್ಕನನ್ನು ಮದುವೆಗೆ ಕರೆಯಲಿಲ್ಲ.

ಪಶ್ಚಿಮದ ಗೇಟಿನಲ್ಲಿ ಮೊದಲು ನೊಣವೂ ಕೂರಲಿಲ್ಲ. ಅವನ ಪಕೋಡ ಎಣ್ಣೆ ಕುಡಿದು ಒದ್ದೆ ಬಟ್ಟೆಯ ಹಾಗೆ ಜೋತುಬೀಳುತ್ತಿತ್ತು. ರೊಟ್ಟಿ ಎಷ್ಟು ಮೃದುವಾಗಿದ್ದರೇನು, ಬರೀ ರೊಟ್ಟಿ ತಿನ್ನಲು ಯಾರು ಬರುತ್ತಾರೆ? ಒಂದು ಸಂಜೆ ಅಕ್ಕ ಬಾಣಲೆ ಇಳಿಸಿ, ಕೈ ತೊಳೆದು, ಆ ಗೇಟಿಗೆ ಹೋಗಿ ಅವನ ಸಾಲಿನಲ್ಲಿ ನಿಂತಳು. ಸಾಲು ಅಂದರೆ ಮೂವರು. ಅವಳ ಸರದಿ ಬಂದಾಗ ತಮ್ಮ ಅವಳ ಭುಜದ ಮೇಲಿನಿಂದ ಆಚೆ ನೋಡಿ, “ಮುಂದೆ ಯಾರಪ್ಪ?” ಎಂದ. ಅವಳ ಹಿಂದೆ ಯಾರೂ ಇರಲಿಲ್ಲ.

ಅವಳು ಮರಳಿ ಬಂದಳು. ಮತ್ತೆಂದೂ ಹೋಗಲಿಲ್ಲ.

ಆಮೇಲೆ ಪೂರ್ವದ ಗೇಟಿನ ರೊಟ್ಟಿ ಕೆಟ್ಟಿತು. ಜಗಿದರೆ ದವಡೆ ನೋಯುವಂಥ ರೊಟ್ಟಿ. “ಅಕ್ಕಾ, ಇದು ತಿನ್ನೋಕೋ, ಚಪ್ಪಲಿಗೆ ಅಟ್ಟೆ ಹಾಕಿಸೋಕೋ?” ಎಂದು ಜನ ಕೇಳಿದರೆ, “ಬೇಕಾದ್ರೆ ತಗೋ, ಬೇಡಾದ್ರೆ ಆ ಗೇಟಿಗೆ ಹೋಗು” ಎನ್ನುತ್ತಿದ್ದಳು. ಜನ ಹೋದರು. ಪೂರ್ವದಲ್ಲಿ ಪಕೋಡ, ಚಟ್ನಿ, ಸೌತೆಕಾಯಿ ಕಟ್ಟಿಸಿಕೊಂಡು, ಅದನ್ನು ಎದೆಗವಚಿ, ಮತ್ತೆ ಸೀಟಿ ಊದುವುದರೊಳಗೆ ಕ್ರೀಡಾಂಗಣವನ್ನು ಅರ್ಧ ಸುತ್ತಿ, ಪಶ್ಚಿಮದಲ್ಲಿ ರೊಟ್ಟಿ ಕೊಂಡು ಒಳಗೆ ನುಗ್ಗುವುದು. ಹಾಫ್‌ಟೈಮ್ ಬಂತೆಂದರೆ ಗೋಡೆಯ ಸುತ್ತ ಧೂಳೆದ್ದಿರುತ್ತಿತ್ತು. ವಕೀಲರು, ಹಮಾಲರು, ಬಸುರಿಯರು, ಊರುಗೋಲಿನ ಮುದುಕರು, ಎಲ್ಲರದೂ ಒಂದೇ ಓಟ. ಮೈದಾನದಲ್ಲಿ ಆಡುವವರಿಗಿಂತ ಹೊರಗಿನವರೇ ಹೆಚ್ಚು ಓಡುತ್ತಾರೆ ಎಂದು ಬೇರೆ ಊರಿನವರು ನಗುತ್ತಿದ್ದರು.

*

ಸ್ಮಶಾನದಲ್ಲಿ ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ತಮ್ಮ, ಈಗ ಊರಿಗೆಲ್ಲ ಅವನು ರೊಟ್ಟಿ ಮಾವ, ಅಷ್ಟು ಹೊತ್ತೂ ದೂರದಲ್ಲಿ ನಲ್ಲಿಯ ಹತ್ತಿರ ನಿಂತಿದ್ದ. ಕೊನೆಗೆ ಬಂದು ಮಣ್ಣು ಹಾಕಿದ. ಕೈ ಒರೆಸಿಕೊಂಡ. ಒರೆಸಿದ ಮೇಲೂ ಒರೆಸುತ್ತಲೇ ಇದ್ದ.

“ಮಾವ” ಎಂದಳು ಮಗಳು.

ಅವನು ತಲೆ ಎತ್ತಿದ. ಅಕ್ಕನ ಮಗಳ ಜೊತೆ ಅವನಿಗೆ ಮಾತಿತ್ತು. ಅವಳ ಬಸ್ಸು ಹತ್ತಿದಾಗಲೆಲ್ಲ ‘ಚೆನ್ನಾಗಿದ್ದೀಯಾ’ ಎನ್ನುತ್ತಿದ್ದ. ಅಮ್ಮನ ಹೆಸರು ಮಾತ್ರ ಬರುತ್ತಿರಲಿಲ್ಲ.

“ಇವತ್ತು ಅಂಗಡಿ ತೆಗೀತೀನಿ.”

ಟೈಲರಮ್ಮ ಹೌಹಾರಿದಳು. “ಏನೇ ಹೇಳ್ತಿದ್ದೀಯ? ಮಣ್ಣಿನ್ನೂ ಆರಿಲ್ಲ!”

“ಅಮ್ಮ ಫೈನಲ್‌ಗೆ ಅಂತ ಮೂಟೆಗಟ್ಟಲೆ ಈರುಳ್ಳಿ ತಂದು ಹಾಕಿದಾಳೆ. ಅಡುಗೆಮನೇಲಿ ಕಾಲಿಡೋಕೆ ಜಾಗ ಇಲ್ಲ. ಮೂಟೆ ಇಳಿಸಿ, ಮೆಟ್ಟಿಲ ಮೇಲೆ ಕೂತು, ‘ಉಸ್ಸಪ್ಪಾ’ ಅಂದಳು. ಅಷ್ಟೇ. ಅದೇ ಅವಳ ಕೊನೇ ಮಾತು. ಆ ಈರುಳ್ಳಿನ ನಾನೇನು ತಲೆದಿಂಬು ಮಾಡ್ಕೊಳ್ಳಲಾ?”

ಗೋಲ್‌ಕೀಪರ್ ಕೋಟಿನ ಗುಂಡಿ ಬಿಚ್ಚಿದ. ಹಳದಿ ಅಂಗಿ ಬಿಸಿಲಿಗೆ ಹೊಳೆಯಿತು. “ಹೇಳು, ನಾನೇನು ಹೆಚ್ಚಬೇಕು?” ಎಂದ.

“ನೀವು ಹೂಕೋಸು. ಟೈಲರಮ್ಮ ಈರುಳ್ಳಿ, ಅವರ ಕೈಯಲ್ಲಿ ಕತ್ತರಿ ಆಡಿದ ಹಾಗೆ ಚಾಕು ಆಡುತ್ತೆ.” ಮಗಳು ಮಾವನ ಕಡೆ ತಿರುಗಿದಳು. “ರೊಟ್ಟಿ ನೀವು ಮಾಡಿಕೊಡಬೇಕು. ಒಂದೇ ಒಂದು ಹಾಫ್‌ಟೈಮ್. ಪೂರ್ವದ ಗೇಟಿಗೆ ಬನ್ನಿ.”

ಮಾವ ಮೃದುವಾಗಿಯೇ ಹೇಳಿದ. “ಬೇಡಮ್ಮ. ನನ್ನ ಗೇಟಿಗೆ ನನ್ನ ಜನ ಬರ್ತಾರೆ. ಪಕೋಡದಲ್ಲಿ ನಿಮ್ಮಮ್ಮನ್ನ ಮೀರಿಸೋರಿಲ್ಲ, ಒಪ್ತೀನಿ. ಆದ್ರೆ ರೊಟ್ಟಿ ಅವಳ ಕೈಗೆ ಒಲೀಲಿಲ್ಲ. ಅದೊಂದನ್ನ ದೇವರು ನನಗೆ ಅಂತ ಕೊಟ್ಟ. ಅದು ನನ್ನ ಗೇಟಲ್ಲೇ ಇರ್ಲಿ.”

“ಒಲೀಲಿಲ್ವಾ?” ಟೈಲರಮ್ಮ ಮೂಗೊರೆಸಿಕೊಳ್ಳುತ್ತ ನಡುವೆ ಬಾಯಿ ಹಾಕಿದಳು. “ಅಯ್ಯೋ, ಏನಂತ ಮಾತಾಡ್ತೀರಿ! ನಾನು ಜ್ವರ ಬಂದು ಮಲಗಿದ್ದಾಗ ದಿನಾ ರೊಟ್ಟಿ ಕಳಿಸ್ತಿದ್ದಳು. ಬಾಯಿಗಿಟ್ರೆ ಕರಗ್ತಿತ್ತು. ಹಲ್ಲಿಲ್ಲದ ನಮ್ಮತ್ತೆ ಎರಡೆರಡು ತಿಂತಿದ್ರು.”

“ಯಾರ ರೊಟ್ಟಿ?” ಎಂದ ಮಾವ.

ಟೈಲರಮ್ಮನಿಗೆ ತಾನೇನೋ ಎಡವಟ್ಟು ಮಾಡಿದೆ ಎನಿಸಿತು. ಮಗಳ ಮುಖ ನೋಡಿದಳು. ಮಗಳು ನೆಲ ನೋಡಿದಳು.

*

ಮಗಳು ಅದನ್ನು ಕಂಡುಹಿಡಿದದ್ದು ಶಾಲೆಗೆ ಹೋಗುವ ವಯಸ್ಸಿನಲ್ಲಿ. ಮನೆಯ ಒಲೆಯ ಮೇಲೆ ಅಮ್ಮನ ರೊಟ್ಟಿ ಬಲೂನಿನ ಹಾಗೆ ಉಬ್ಬುತ್ತಿತ್ತು, ಮುರಿದರೆ ಒಳಗಿನಿಂದ ಹಬೆ ಏಳುತ್ತಿತ್ತು. ಅದೇ ಕೈ ಅಂಗಡಿಯಲ್ಲಿ ಮಾಡಿದರೆ ಅಟ್ಟೆ. ಕೇಳಿದರೆ ಅಮ್ಮ, “ಅಂಗಡಿ ಹಿಟ್ಟೇ ಬೇರೆ” ಎನ್ನುತ್ತಿದ್ದಳು.

ಒಂದು ಪಂದ್ಯದ ಬೆಳಿಗ್ಗೆ ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು. ಅಮ್ಮ ಹಿಟ್ಟಿಗೆ ತಣ್ಣೀರು ಸುರಿದಳು, ಬಿಸಿನೀರಲ್ಲ. ಎರಡು ಸಲ ಗುದ್ದಿ ಬಿಟ್ಟಳು. ನೆನೆಯಲು ಬಿಡಲಿಲ್ಲ. ಹೊಸಬರು ಲಟ್ಟಿಸುವ ಹಾಗೆ ದಪ್ಪ ದಪ್ಪ ಲಟ್ಟಿಸಿದಳು. ಒಂದು ರೊಟ್ಟಿ ತಪ್ಪಿ ತೆಳ್ಳಗೆ, ದುಂಡಗೆ ಬಂದಾಗ ನಾಲಿಗೆ ಕಚ್ಚಿಕೊಂಡು, ಅದನ್ನು ಮುದ್ದೆ ಮಾಡಿ ಮತ್ತೆ ಲಟ್ಟಿಸಿದಳು.

“ಅಮ್ಮಾ! ಬೇಕೂಂತ ಕೆಡಿಸ್ತಿದ್ದೀಯಾ?”

ಅಮ್ಮ ಬೆಚ್ಚಿಬಿದ್ದಳು. ಆಮೇಲೆ ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ ನಕ್ಕಳು. “ಜನ ಒಂದು ಸುತ್ತು ಓಡ್ಲಿ ಬಿಡೇ. ಕೂತು ಕೂತು ಕಾಲು ಜೋಮು ಹಿಡಿದಿರುತ್ತೆ.”

“ಮಾವನಿಗೋಸ್ಕರಾನಾ?”

ಅಮ್ಮ ನಗು ನಿಲ್ಲಿಸಿದಳು. “ಅವನಿಗೆ ಗೊತ್ತಾದ್ರೆ ಅಂಗಡಿ ಮುಚ್ಚಿಬಿಡ್ತಾನೆ. ನನ್ನ ಹಾಗೇ, ಜಂಬದ ಕೋಳಿ. ನಾನಿರೋವರೆಗೂ ನಿನ್ನ ಬಾಯಿಗೆ ಬೀಗ. ತಿಳೀತಾ?”

“ಹೋಗಿ ಮಾತಾಡಬಾರದಾ?”

“ಮಾತು ನನಗೆ ಬರಲ್ಲ ಕಣೇ” ಎಂದಳು ಅಮ್ಮ. “ಬಂದಾಗೆಲ್ಲ ಕೆಟ್ಟದ್ದೇ ಬಂದಿದೆ.”

*

ಮಗಳ ಬಾಯಿಂದ ಇದನ್ನೆಲ್ಲ ಕೇಳಿದ ಮಾವನ ಮುಖ ಕೆಂಪಾಯಿತು, ಆಮೇಲೆ ಬಿಳಿಚಿತು.

“ಅಂದ್ರೆ ನನಗೆ ಭಿಕ್ಷೆ ಹಾಕಿದಳು” ಎಂದ. “ಇಷ್ಟು ವರ್ಷ! ನಾನು ಎದೆ ಉಬ್ಬಿಸ್ಕೊಂಡು ತಿರುಗಿದೆ. ಊರಿಗೇ ನನ್ನ ರೊಟ್ಟಿ ಬೇಕು ಅಂತ. ಅವಳು ಆ ಕಡೆ ನಿಂತು ನಗ್ತಿದ್ದಳು.”

“ನಗ್ತಿರಲಿಲ್ಲ ಮಾವ.”

“ನಿನಗೇನು ಗೊತ್ತು!”

ಅವನು ಸರಸರನೆ ಸ್ಮಶಾನದ ಬಾಗಿಲು ದಾಟಿ ಹೋದ. ಟೈಲರಮ್ಮ ತನ್ನ ಬಾಯಿಗೆ ತಾನೇ ಹೊಡೆದುಕೊಂಡಳು. “ಈ ನಾಲಿಗೆಗೆ ಒಂದು ಹೊಲಿಗೆ ಹಾಕಬೇಕಿತ್ತು ನಾನು.”

“ಬನ್ನಿ” ಎಂದಳು ಮಗಳು. “ಎಣ್ಣೆ ಕಾಯಬೇಕು.”

ಪೂರ್ವದ ಗೇಟಿನ ತಗಡಿನ ಬಾಗಿಲು ಕಿರ್ರೆಂದು ತೆರೆದಾಗ, ಟಿಕೆಟ್ಟಿಗೆ ನಿಂತವರು ತಿರುಗಿ ನೋಡಿದರು. ಯಾರೋ ಟೋಪಿ ತೆಗೆದರು. ಯಾರೋ, “ಮಗಳು ಕಣ್ರೋ, ಮಗಳು ತೆಗೀತಿದಾಳೆ!” ಎಂದು ಕೂಗಿದರು. ಸುದ್ದಿ ಸಾಲಿನುದ್ದಕ್ಕೂ ಬೆಂಕಿಯ ಹಾಗೆ ಹರಡಿತು.

ಮಗಳು ಕೋಟು ಬಿಚ್ಚಿ ಮೊಳೆಗೆ ತಗಲಿಸಿ ತೋಳು ಮಡಿಸಿದಳು. ಉದ್ದುದ್ದ ಸೀಳಿದ ಈರುಳ್ಳಿಗೆ ಉಪ್ಪು ಹಾಕಿ ಹಿಸುಕಿದಳು. ಅಮ್ಮ ಹಿಟ್ಟಿಗೆ ಒಂದು ಹನಿ ನೀರನ್ನೂ ಹಾಕುತ್ತಿರಲಿಲ್ಲ. ಈರುಳ್ಳಿ ತಾನೇ ಬಿಟ್ಟ ನೀರಿಗೆ ಎಷ್ಟು ಹಿಡಿಯುತ್ತದೋ ಅಷ್ಟೇ ಕಡಲೆಹಿಟ್ಟು. ಓಮ, ಹಸಿಮೆಣಸು, ಕೊತ್ತಂಬರಿ. ಒಂದು ಚೂರನ್ನು ಎಣ್ಣೆಗೆ ಬಿಟ್ಟಳು. ಅದು ತಳಕ್ಕೆ ಹೋಗಿ, ಯೋಚಿಸಿ, ಮೇಲೆದ್ದು ಬಂತು. “ಈಗ!” ಎಂದಳು. ಚುಂಯ್ ಎಂಬ ಸದ್ದಿಗೆ ಗೋಲ್‌ಕೀಪರ್ ಚಪ್ಪಾಳೆ ತಟ್ಟಿದ. ಟೈಲರಮ್ಮ ಕಣ್ಣು ಮೂಗು ಎರಡರಿಂದಲೂ ನೀರು ಸುರಿಸುತ್ತ, “ಯಾವುದಕ್ಕೆ ಅಳ್ತಿದೀನಿ ಅಂತ ನನಗೇ ಗೊತ್ತಾಗ್ತಿಲ್ಲ ಕಣ್ರೀ” ಎನ್ನುತ್ತಲೇ ಈರುಳ್ಳಿಯನ್ನು ದಾರದ ಹಾಗೆ ಸೀಳಿದಳು.

ರೊಟ್ಟಿಯದೇ ತಾಪತ್ರಯ. ಮಗಳು ಮಾಡಿದ ಮೊದಲ ರೊಟ್ಟಿಯನ್ನು ಗೋಲ್‌ಕೀಪರ್ ಕಚ್ಚಿ ನೋಡಿದ, ಬಾಯಿಂದ ತೆಗೆದು ಮತ್ತೆ ನೋಡಿದ.

“ನಿಮ್ಮಮ್ಮ ಬೇಕೂಂತ ಕೆಡಿಸ್ತಿದ್ದಳು” ಎಂದ. “ನಿನಗೆ ಆ ಕಷ್ಟಾನೂ ಇಲ್ಲ.”

ಒಳಗೆ ಆಟ ಶುರುವಾಗಿತ್ತು. ಗೋಡೆಯಾಚೆಯಿಂದ ಓ ಎನ್ನುವ ಕೂಗು ಏಳುತ್ತಿತ್ತು, ಥೂ ಎಂದು ಇಳಿಯುತ್ತಿತ್ತು. ಒಮ್ಮೆ ಇಡೀ ಗೋಡೆಯೇ ಗುಡುಗಿದಂತಾಯಿತು. ಗೋಲ್‌ಕೀಪರ್ ಹೂಕೋಸನ್ನು ಮೇಲಕ್ಕೆಸೆದು ಹಿಡಿದ. “ನಮ್ಮದು! ನಮ್ಮದೇ!” ಮತ್ತೆ ಸ್ವಲ್ಪ ಹೊತ್ತಿಗೆ ಸ್ಮಶಾನಕ್ಕಿಂತ ಹೆಚ್ಚಿನ ಮೌನ. “ಸಮ ಆಯ್ತು” ಎಂದು ಅವನು ಕುಕ್ಕರಿಸಿದ.

ಸೀಟಿ ಕೂಗಿತು. ಹಾಫ್‌ಟೈಮ್.

ಕಟ್ಟೆ ಒಡೆದ ಹಾಗೆ ಜನ ಹೊರಬಿದ್ದರು. ಪಕೋಡದ ಗುಡ್ಡ ನೋಡುನೋಡುತ್ತಲೇ ಕರಗಿತು. ಮಗಳು ಒಂದು ಕೈಯಲ್ಲಿ ಕರಿಯುತ್ತ, ಇನ್ನೊಂದರಲ್ಲಿ ಚಟ್ನಿ ಸುರಿಯುತ್ತ, “ರೊಟ್ಟಿ ಚೆನ್ನಾಗಿಲ್ಲ, ರೊಟ್ಟಿಗೆ ಆ ಗೇಟಿಗೆ ಹೋಗಿ” ಎಂದು ಅಮ್ಮನ ಹಾಗೆಯೇ ಕೂಗುತ್ತಿದ್ದಳು. ಹಳದಿ ಅಂಗಿಗಳ ಪ್ರವಾಹ ಪೊಟ್ಟಣ ಹಿಡಿದು ಗೋಡೆಯ ತಿರುವಿನತ್ತ ಓಡಿತು.

ಓಡಿದ ಪ್ರವಾಹ ತಿರುವಿನಲ್ಲಿ ನಿಂತಿತು. ಎರಡಾಗಿ ಸೀಳಿಕೊಂಡಿತು.

ನಡುವಿನಿಂದ ಒಂದು ತಳ್ಳುಗಾಡಿ ಬರುತ್ತಿತ್ತು. ಅದರ ಮೇಲೆ ಉರಿಯುವ ಒಲೆ, ಒಲೆಯ ಮೇಲೆ ಹೆಂಚು, ಪಕ್ಕದಲ್ಲಿ ಒದ್ದೆ ಬಟ್ಟೆ ಮುಚ್ಚಿದ ಹಿಟ್ಟಿನ ಬುಟ್ಟಿ. ಹಿಂದಿನಿಂದ ರೊಟ್ಟಿ ಮಾವ, ಬೆವರು ಸುರಿಸುತ್ತ ತಳ್ಳುತ್ತಿದ್ದ. “ಜರುಗ್ರೋ! ಬಿಸಿ! ಬಿಸಿ!” ಚಕ್ರ ಕಲ್ಲಿಗೆ ಸಿಕ್ಕಿದಲ್ಲಿ ನಾಲ್ಕು ಜನ ಗಾಡಿಯನ್ನೇ ಎತ್ತಿದರು.

ಅವನು ಗಾಡಿಯನ್ನು ಬಾಣಲೆಯ ಪಕ್ಕಕ್ಕೆ ತಂದು ನಿಲ್ಲಿಸಿದ. ಮಗಳು ಮಾಡಿದ್ದ ರೊಟ್ಟಿಯೊಂದನ್ನು ಎತ್ತಿ, ಹಲಗೆಗೆ ಬಡಿದು ಸದ್ದು ಕೇಳಿದ. “ಇದನ್ನ ಗೋಡೆಗೆ ಇಟ್ಟಿಗೆ ಬೇಕಾದಾಗ ಉಪಯೋಗಿಸೋಣ” ಎಂದ. ಸಾಲಿನವರು ಗೊಳ್ಳೆಂದು ನಕ್ಕರು. ಅವನು ನಗಲಿಲ್ಲ. ಲಟ್ಟಣಿಗೆ ತಿರುಗತೊಡಗಿತು.

ರೊಟ್ಟಿ ಹಾರಿ ಬಂತು. ಮಗಳು ಹಿಡಿದಳು. ಪಕೋಡ, ಚಟ್ನಿ, ಸೌತೆಕಾಯಿ, ಈರುಳ್ಳಿ, ಸುತ್ತು, ಕೊಡು. ಮತ್ತೊಂದು ಹಾರಿ ಬಂತು. ಮೊದಲು ಎರಡು ಕೈತಪ್ಪಿದವು. ಆಮೇಲೆ ಒಂದೂ ತಪ್ಪಲಿಲ್ಲ. ಎರಡೂ ತಂಡದ ಜನ ಒಂದೇ ಸಾಲಿನಲ್ಲಿ ನಿಂತಿದ್ದರು. ತುಂಬಿದ ಬಾಯಲ್ಲೇ ಯಾರೋ ತಂಡದ ಹಾಡು ಶುರುಮಾಡಿದರು, ಯಾರೂ ಅದನ್ನು ಸರಿಯಾಗಿ ಉಚ್ಚರಿಸಲಿಲ್ಲ. ಮುದುಕಿಯೊಬ್ಬಳು ತನ್ನ ರೊಟ್ಟಿಯನ್ನು ಕಚ್ಚಿ, ಜಗಿಯುವುದನ್ನು ನಿಲ್ಲಿಸಿ, “ಅವರಿಬ್ರ ಜಗಳ ಆದ್ಮೇಲೆ ಓಡದೇ ತಿಂತಿರೋದು ಇದೇ ಮೊದಲು” ಎಂದಳು.

ಸಾಲು ಕರಗುತ್ತ ಬಂದಾಗ ಮಾವ ಹೆಂಚಿನಿಂದ ಕಣ್ಣೆತ್ತದೆ ಕೇಳಿದ. “ನಿಜ ಹೇಳು. ಅವಳದು ನನ್ನದಕ್ಕಿಂತ ಚೆನ್ನಾಗಿತ್ತಾ?”

ಮಗಳು ಬಾಣಲೆಯಲ್ಲಿ ಜಾಲರಿ ಸೌಟು ಆಡಿಸಿದಳು. ಸುಳ್ಳು ಹೇಳುವುದು ಸುಲಭವಿತ್ತು.

“ಹೂಂ, ಮಾವ.”

ಅವನು ರೊಟ್ಟಿ ಮಗುಚಿ ಹಾಕಿದ. ಅದು ಉಬ್ಬಿತು.

“ನನಗೆ ಲಟ್ಟಣಿಗೆ ಹಿಡಿಯೋದು ಹೇಳಿಕೊಟ್ಟೋಳೇ ಅವಳು” ಎಂದ. “ನನ್ನ ಕೈ ಮೇಲೆ ಕೈ ಇಟ್ಟು. ಅಂಥೋಳಿಗೆ ರೊಟ್ಟಿ ಬರಲ್ಲ ಅಂತ ಜನ ಅಂದ್ರೆ ನಾನು ನಂಬಿದೆ ನೋಡು. ಒಂದು ದಿನಾನೂ ಅನುಮಾನ ಬರಲಿಲ್ಲ. ಖುಷಿಯಾಗಿ ನಂಬಿದೆ.”

ಅವನು ಹೊಗೆಗೆ ಕೆಮ್ಮಿದವನ ಹಾಗೆ ಕೆಮ್ಮಿದ. ಮಗಳು ಬಿಸಿ ಪಕೋಡವೊಂದನ್ನು ಅವನ ಬಾಯಿಗೇ ಇಟ್ಟಳು. ಅವನು ಕಣ್ಣು ಮುಚ್ಚಿ ಅಗಿದ. ಕರುಂ ಎಂಬ ಸದ್ದು ಪಕ್ಕದವರಿಗೂ ಕೇಳಿಸಿತು.

“ಉಪ್ಪು ಒಂದು ಚಿಟಿಕೆ ಕಡಿಮೆ” ಎಂದ, ಕೆನ್ನೆ ಒದ್ದೆಯಾಗಿದ್ದರೂ. “ಅವಳಾಗಿದ್ರೆ ಈಗ ನನ್ನ ತಲೆ ಮೇಲೆ ಮೊಟಕ್ತಿದ್ದಳು, ಇಷ್ಟು ಹೇಳಿದ್ದಕ್ಕೆ.”

“ನಾನೂ ಮೊಟಕಲಾ?”

“ಧೈರ್ಯ ಇದ್ರೆ ಮಾಡು.”

ಒಳಗೆ ಸೀಟಿ ಕೂಗಿತು. ಉಳಿದವರು ಬಾಯಿ ತುಂಬಿಕೊಂಡೇ ಮೆಟ್ಟಿಲತ್ತ ಧಾವಿಸಿದರು. ಟೈಲರಮ್ಮನನ್ನೂ ಜನವೇ ಎತ್ತಿಕೊಂಡು ಹೋದ ಹಾಗಾಯಿತು. ಮಗಳು ಖಾಲಿ ಪಾತ್ರೆಗಳನ್ನು ಒಂದರೊಳಗೊಂದು ಇಡಲು ಬಗ್ಗಿದಾಗ ಮಾವ ಅವಳ ಕೈಯಿಂದ ಪಾತ್ರೆ ತೆಗೆದುಕೊಂಡ.

“ಇದನ್ನ ನಾನು ನೋಡ್ಕೋತೀನಿ. ನೀನು ಹೋಗು. ಫೈನಲ್ ಕಣೇ, ಹುಚ್ಚಿ! ಓಡು!”

ಅವಳು ಮೊಳೆಯಿಂದ ಕೋಟು ಎಳೆದು ತೊಟ್ಟಳು. ಅವನು ಅವಳ ಬೆನ್ನಿಗೆ ಅಂಗೈಯಿಟ್ಟು ಜೋರಾಗಿ ಮುಂದಕ್ಕೆ ನೂಕಿದ.

ಅವಳು ಎರಡೆರಡು ಮೆಟ್ಟಿಲು ಹಾರುತ್ತ ಏರಿದಳು. ಮೇಲೆ ಬಿಸಿಲು, ಹಸಿರು ಮೈದಾನ, ಕಿವಿ ಗಡಚಿಕ್ಕುವ ಕೂಗು. ನಮ್ಮವನೊಬ್ಬ ಚೆಂಡಿನೊಂದಿಗೆ ಅಂಚಿನಲ್ಲಿ ನುಗ್ಗುತ್ತಿದ್ದ. ಅವಳು ಕಾಲ ತುದಿಯಲ್ಲಿ ನಿಂತು, ಎರಡೂ ಕೈ ಎತ್ತಿ, ಗಂಟಲು ಹರಿಯುವಂತೆ ಕಿರುಚಿದಳು. ಹಿಂದಿನ ಸಾಲಿನವರಿಗೆ ಅವಳ ಕಡುನೀಲಿ ಕೋಟಿನ ಬೆನ್ನು ಕಾಣುತ್ತಿತ್ತು. ಅದರ ನಟ್ಟನಡುವೆ, ಐದು ಬೆರಳೂ ಬಿಡಿಬಿಡಿಯಾಗಿ, ಹಿಟ್ಟಿನ ಒಂದು ಬಿಳಿ ಹಸ್ತ. ಹಿಂದೆಯೇ ಬಂದ ಗೋಲ್‌ಕೀಪರ್ ಅದನ್ನು ಕೊಡವಲೆಂದು ಕೈ ಮುಂದೆ ಮಾಡಿದ. ತುಸು ತಡೆದು, ಕೈ ಹಿಂದಕ್ಕೆ ತೆಗೆದುಕೊಂಡ.